ಕ್ಯಾಮೆರಾ ನಿಮ್ಮ ಕೈಯಲ್ಲಿ ಎಷ್ಟು ನಿಮಿಷ?

ಸಿನಿಮಾ ಕ್ಯಾಮೆರಾ ಕಲಿಯಲು ಹೊರಟಿರುವ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತ ಓದುಗರ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ‘ಹೆಂಗಸರಿಗೆ ಇದೆಲ್ಲ ಆಗುತ್ತದೆಯೇ?’ ಎಂದು ಕೇಳಿದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇವೆ. ಅದಕ್ಕೆ 1985ರಲ್ಲೇ ಉತ್ತರ ಸಿಕ್ಕಿದೆ. ನಮ್ಮ ಬಿ.ಆರ್. ಪಂತುಲು ಅವರ ಮಗಳು ಬಿ.ಆರ್. ವಿಜಯಲಕ್ಷ್ಮಿ ಆ ವರ್ಷ ತಮಿಳು ಚಿತ್ರವೊಂದಕ್ಕೆ ಸ್ವತಂತ್ರ ಛಾಯಾಗ್ರಾಹಕಿಯಾದರು, ಅದೂ ರೀಲಿನ ಕ್ಯಾಮೆರಾ ಹೊತ್ತು. ಇನ್ನು ಉಳಿದ ಪ್ರಶ್ನೆಗಳು.

ಎರಡು ದಿನದ ‘ಪ್ರಾಯೋಗಿಕ ಕ್ಯಾಮೆರಾ ಶಿಬಿರ, ಮಹಿಳೆಯರಿಗೆ ಮಾತ್ರ’ ಎಂಬ ಜಾಹೀರಾತು ನೋಡಿದೆ. 24 ಸೀಟು, 2 ಕ್ಯಾಮೆರಾ. ದುಡ್ಡು ಕಟ್ಟಲೇ? — ಶಿವಮೊಗ್ಗ

ಮೊದಲು ಲೆಕ್ಕ ಹಾಕಿ. ದಿನಕ್ಕೆ 7 ಗಂಟೆಯಂತೆ 14 ಗಂಟೆ. ಉಪನ್ಯಾಸ, ಜೋಡಣೆ, ಬಿಚ್ಚಾಟಕ್ಕೆ 6 ಗಂಟೆ ಹೋದರೆ ಉಳಿಯುವುದು 8. ಎರಡು ಕ್ಯಾಮೆರಾಗೆ 16 ಗಂಟೆ, ಅಂದರೆ 960 ನಿಮಿಷ. ಅದನ್ನು 24 ಜನರಿಗೆ ಹಂಚಿದರೆ ತಲೆಗೆ 40 ನಿಮಿಷ, ದಿನಕ್ಕೆ 20. ಟ್ರೈಪಾಡ್ ಮಟ್ಟ ಮಾಡಿ ಒಂದು ಪ್ಯಾನ್ ತಿರುಗಿಸುವಷ್ಟರಲ್ಲಿ ಸರದಿ ಮುಗಿದಿರುತ್ತದೆ. ಅದು ಕ್ಯಾಮೆರಾ ಜೊತೆ ಫೋಟೊ ತೆಗೆಸಿಕೊಳ್ಳುವ ಶಿಬಿರ.

ಒಂದು ಕ್ಯಾಮೆರಾಗೆ ನಾಲ್ವರು ಎಂಬುದು ಸರಿಯಾದ ಪ್ರಮಾಣ. ಒಬ್ಬರು ಆಪರೇಟರ್, ಒಬ್ಬರು ಫೋಕಸ್ ಪುಲ್ಲರ್ (ನಟರು ಕದಲಿದಂತೆ ಫೋಕಸ್ ತಿರುಗಿಸುವವರು), ಇನ್ನೊಬ್ಬರ ಪಾಲಿಗೆ ಕ್ಲ್ಯಾಪ್, ಕಾರ್ಡ್, ಲೆನ್ಸ್ ಪೆಟ್ಟಿಗೆ, ನಾಲ್ಕನೆಯವರ ಪಾಲಿಗೆ ಲೈಟ್. ಯಾರೂ ಸುಮ್ಮನೆ ನಿಲ್ಲುವುದಿಲ್ಲ, ಐದನೆಯವರು ಬಂದರೆ ನಿಲ್ಲುತ್ತಾರೆ.

ಫೋನ್ ಮಾಡಿದಾಗ ಇನ್ನೂ ಮೂರು ವಿಷಯ ಕೇಳಿ. ಬೆಳಿಗ್ಗೆ ಕ್ಯಾಮೆರಾ ಜೋಡಿಸುವವರು ಯಾರು? ನಮ್ಮಲ್ಲಿ ಬಾಡಿಗೆ ಕ್ಯಾಮೆರಾ ಜೊತೆಗೆ ಅಟೆಂಡೆಂಟ್ ಬರುತ್ತಾರೆ, ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಎಲ್ಲ ಜೋಡಿಸಿ ಇಟ್ಟಿರುತ್ತಾರೆ. ಶೂಟಿಂಗ್‌ಗೆ ಅದು ಅನುಕೂಲ, ಕಲಿಕೆಗೆ ಅದೇ ಕೇಡು. ಎರಡನೆಯದು, ಉಪಕರಣಕ್ಕೆ ವಿಮೆ ಇದೆಯೇ? ಇಲ್ಲದಿದ್ದರೆ ಕಲಿಸುವವರ ಕೈ ಸದಾ ಕ್ಯಾಮೆರಾ ಮೇಲೇ ಇರುತ್ತದೆ. ಮೂರನೆಯದು, ಕೈಯಿಂದ ಫೋಕಸ್ ಮಾಡುವ ಸಿನಿಮಾ ಲೆನ್ಸ್ ಕೊಡುತ್ತಾರೋ, ಆಟೊಫೋಕಸ್ ಇರುವ ಫೋಟೊ ಲೆನ್ಸೋ?

‘ಮಹಿಳೆಯರಿಗೆ ಮಾತ್ರ’ ಎಂಬುದರ ಲಾಭವೂ ಈ ನಿಮಿಷಗಳಲ್ಲೇ ಇದೆ. ಎಲ್ಲರೂ ಇರುವ ಬ್ಯಾಚಿನಲ್ಲಿ ‘ಭಾರ ಇದೆ, ಕೊಡಿ ಇಲ್ಲಿ’ ಎಂದು ಯಾರಾದರೂ ಒಳ್ಳೆಯ ಮನಸ್ಸಿನಿಂದಲೇ ಕ್ಯಾಮೆರಾ ಎತ್ತಿಕೊಳ್ಳುತ್ತಾರೆ, ಅದರೊಂದಿಗೆ ನಿಮ್ಮ ಹತ್ತು ನಿಮಿಷವೂ ಹೋಗುತ್ತದೆ.

ಮದುವೆ ವಿಡಿಯೊ ಮಾಡುತ್ತೇನೆ, ಮಿರರ್‌ಲೆಸ್ ಕ್ಯಾಮೆರಾ ಚೆನ್ನಾಗಿ ಗೊತ್ತು. ಸಿನಿಮಾ ಕ್ಯಾಮೆರಾ ಜೋಡಿಸುವ ಕ್ರಮ ಬರೆಯುತ್ತೀರಾ? — ಮೈಸೂರು

ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾ ಹೋಗಿ. ಟ್ರೈಪಾಡಿನ ಒಂದು ಕಾಲು ಲೆನ್ಸಿನ ದಿಕ್ಕಿಗೆ ಮುಂದಿರಲಿ, ಭಾರ ಮುಂದಕ್ಕೆ ವಾಲಿದರೆ ಅದೇ ತಡೆಯುತ್ತದೆ. ಹಿಂದೆ ಎರಡು ಕಾಲಿನ ನಡುವೆ ನಿಮಗೆ ನಿಲ್ಲಲು ಜಾಗವೂ ಸಿಗುತ್ತದೆ. ಕಾಲುಗಳಿಂದ ಸುಮಾರಾಗಿ ಮಟ್ಟಕ್ಕೆ ತಂದು, ಉಳಿದದ್ದನ್ನು ಹೆಡ್ಡಿನ (ಕಾಲುಗಳ ಮೇಲೆ ಕ್ಯಾಮೆರಾ ತಿರುಗಿಸುವ ಭಾಗ) ಬಟ್ಟಲು ಸಡಿಲಿಸಿ ಮಟ್ಟದ ಗುಳ್ಳೆ ನೋಡಿ ಸರಿಮಾಡಿ.

ಬೇಸ್‌ಪ್ಲೇಟ್ (ಕ್ಯಾಮೆರಾ ಬಾಡಿಯನ್ನು ಟ್ರೈಪಾಡಿಗೆ ಹಿಡಿಸುವ ತಟ್ಟೆ) ಕೂರಿಸಿದಾಗ ‘ಟಕ್’ ಎಂದದ್ದು ಕೇಳಿಸಿದರೂ ಕೈ ಬಿಡಬೇಡಿ. ಲಾಕ್ ಬಿಗಿದು, ಬಾಡಿಯನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಒಮ್ಮೆ ದೂಡಿ ನೋಡಿ. ಕ್ಯಾಮೆರಾ ನೆಲಕ್ಕೆ ಬೀಳುವುದು ಬಹುತೇಕ ಈ ಹಂತದಲ್ಲೇ. ಇನ್ನೊಬ್ಬರಿಗೆ ದಾಟಿಸುವಾಗ ‘ಹಿಡಿದೆ’ ಎಂದು ಅವರು ಬಾಯಿಬಿಟ್ಟು ಹೇಳುವವರೆಗೆ ನಿಮ್ಮ ಕೈ ಅಲ್ಲೇ ಇರಬೇಕು.

ಆಮೇಲೆ ಬಿಡಿಭಾಗ ಹಿಡಿಸುವ 15 ಮಿಲಿಮೀಟರ್ ರಾಡುಗಳು, ಬ್ಯಾಟರಿ ಪ್ಲೇಟ್, ಅದಕ್ಕೆ ಕಚ್ಚುವ ವಿ-ಮೌಂಟ್ ಬ್ಯಾಟರಿ. ಬ್ಯಾಟರಿಯಿಂದ ಮಾನಿಟರಿಗೆ ಕರೆಂಟು ಕೊಡುವ ಡಿ-ಟ್ಯಾಪ್ ಪ್ಲಗ್ಗನ್ನು ಕಣ್ಣಿಂದ ನೋಡಿಯೇ ಚುಚ್ಚಿ. ಸವೆದ ಸಾಕೆಟ್ಟಿಗೆ ಅದು ತಲೆಕೆಳಗಾಗಿಯೂ ಹೋಗುತ್ತದೆ, ಹೋದರೆ ಧನ–ಋಣ ಅದಲುಬದಲಾಗಿ ಮಾನಿಟರ್ ಸುಡುತ್ತದೆ. ಎಸ್‌ಡಿಐ (ಚಿತ್ರವನ್ನು ಮಾನಿಟರಿಗೆ ಒಯ್ಯುವ) ಕೇಬಲ್ಲಿಗೂ ಕ್ರಮವಿದೆ. ಹಾಕುವಾಗ ಮೊದಲು ಪವರ್, ಆಮೇಲೆ ಎಸ್‌ಡಿಐ. ತೆಗೆಯುವಾಗ ಮೊದಲು ಎಸ್‌ಡಿಐ, ಆಮೇಲೆ ಪವರ್. ಇದು ತಪ್ಪಿದರೆ ಮಾನಿಟರಿನ ಕರೆಂಟು ಎಸ್‌ಡಿಐ ತಂತಿಯ ಕವಚದ ಮೂಲಕ ದಾರಿ ಹುಡುಕಿಕೊಂಡು ಕ್ಯಾಮೆರಾದ ಔಟ್‌ಪುಟ್ ಬೋರ್ಡನ್ನೇ ಕೆಡಿಸಬಹುದು. ಎರಡು ಕ್ಷಣದ ಅವಸರಕ್ಕೆ ಬರುವ ರಿಪೇರಿ ಬಿಲ್ ಲಕ್ಷದ ಲೆಕ್ಕದಲ್ಲಿರಬಹುದು.

ಇನ್ನು ಲೆನ್ಸ್. ಗಾಳಿ, ಧೂಳು ಇಲ್ಲದ ಕಡೆ, ಬಾಡಿಯ ಬಾಯಿ ಸ್ವಲ್ಪ ಕೆಳಗೆ ಬಾಗಿರಲಿ. ಪಿಎಲ್ ಮೌಂಟಿನಲ್ಲಿ (ಸಿನಿಮಾ ಲೆನ್ಸ್ ಕೂರುವ ಬಾಯಿ) ತಿರುಗುವುದು ಉಂಗುರ, ಲೆನ್ಸ್ ಅಲ್ಲ. ಮಿರರ್‌ಲೆಸ್ ಅಭ್ಯಾಸದವರು ಲೆನ್ಸನ್ನೇ ತಿರುವಲು ಹೋಗುತ್ತಾರೆ. ಕಚ್ಚನ್ನು ಪಿನ್ನಿಗೆ ಹೊಂದಿಸಿ ಸಮವಾಗಿ ಒಳಗಿಟ್ಟು, ಒಂದು ಕೈ ಲೆನ್ಸಿನ ಕೆಳಗೇ ಇಟ್ಟು ಉಂಗುರ ಬಿಗಿಯಿರಿ. ಪಿಎಲ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ 52.00 ಮಿಲಿಮೀಟರ್ ಇರಬೇಕು. ಅದರಲ್ಲಿ ಕೂದಲೆಳೆಗಿಂತ ಕಡಿಮೆ ವ್ಯತ್ಯಾಸವಾದರೂ ವೈಡ್ ಲೆನ್ಸಿನ ಮೇಲಿನ ದೂರದ ಗುರುತು ಸುಳ್ಳು ಹೇಳುತ್ತದೆ. ಹಾಗಾಗಿ ಬಾಡಿಗೆಗೆ ತಂದ ದಿನವೇ ಪರೀಕ್ಷಿಸಿ: ಬಾಡಿಯ ಮೇಲೆ ವೃತ್ತಕ್ಕೆ ಗೆರೆ ಹಾಯ್ದ ಚಿಹ್ನೆ ಇರುತ್ತದೆ, ಅದು ಸೆನ್ಸರಿನ ಜಾಗ. ಅಲ್ಲಿಂದ ಟೇಪಿನಲ್ಲಿ 6 ಅಡಿ ಅಳೆದು ಚಾರ್ಟ್ ಇಟ್ಟು, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು ಫೋಕಸ್ ಮಾಡಿ. ಲೆನ್ಸಿನ ಗುರುತು 6 ಎನ್ನಬೇಕು. ಎಲ್ಲ ಲೆನ್ಸೂ ಒಂದೇ ಕಡೆಗೆ ತಪ್ಪಿದ್ದರೆ ದೋಷ ಮೌಂಟಿನದು, ಒಂದೇ ಲೆನ್ಸ್ ತಪ್ಪಿದ್ದರೆ ಆ ಲೆನ್ಸಿನದು. ಎರಡನ್ನೂ ನೀವು ರಿಪೇರಿ ಮಾಡಬೇಡಿ, ವಾಪಸ್ ಕೊಟ್ಟು ಬೇರೆ ತನ್ನಿ.

ಸೆನ್ಸರಿನ ಧೂಳು ನೋಡಲು ಅಪರ್ಚರ್ ಎಫ್ 16ಕ್ಕೆ ಮುಚ್ಚಿ, ಫೋಕಸ್ ಕೆಡಿಸಿ, ಬಿಳಿ ಗೋಡೆ ತೋರಿಸಿ. ಕದಲದ ಚುಕ್ಕೆ ಕಂಡರೆ ಧೂಳು.

ಮ್ಯಾಟ್‌ಬಾಕ್ಸ್ (ಲೆನ್ಸಿನ ಮುಂದೆ ಫಿಲ್ಟರ್ ಹಿಡಿಯುವ ಪೆಟ್ಟಿಗೆ), ಫೋಕಸ್ ತಿರುಗಿಸುವ ಮೋಟಾರ್, ಮಾನಿಟರ್ ಎಲ್ಲ ಕೂತ ಮೇಲಷ್ಟೇ ಬ್ಯಾಲೆನ್ಸ್. ಮೊದಲೇ ಮಾಡಿದರೆ ಎರಡು ಸಲ ಮಾಡಬೇಕಾಗುತ್ತದೆ. ಪ್ಲೇಟನ್ನು ಹಿಂದೆ ಮುಂದೆ ಜಾರಿಸಿ ಸಮತೂಕಕ್ಕೆ ತನ್ನಿ, ನಂತರ ಬಾಗಿದಾಗ ಭಾರ ತಡೆಯುವ ಹೆಡ್ಡಿನ ಸ್ಪ್ರಿಂಗ್, ಅಂದರೆ ಕೌಂಟರ್‌ಬ್ಯಾಲೆನ್ಸ್. 30 ಡಿಗ್ರಿ ಬಾಗಿಸಿ, ಬೆರಳು ಹತ್ತಿರವೇ ಇಟ್ಟುಕೊಂಡು ಕೈ ಬಿಡಿ. ಇದ್ದಲ್ಲೇ ನಿಲ್ಲಬೇಕು. ಡ್ರ್ಯಾಗ್ (ತಿರುಗಿಸುವಾಗಿನ ಬಿಗಿತ) ಕೊನೆಗೆ. ಡ್ರ್ಯಾಗ್ ಬಿಗಿಮಾಡಿ ಬ್ಯಾಲೆನ್ಸಿನ ದೋಷ ಮುಚ್ಚುವುದು ಕೆಟ್ಟ ಚಾಳಿ, ಟಿಲ್ಟ್ ಶುರುವಾಗುವಾಗ ಮತ್ತು ನಿಲ್ಲುವಾಗ ಜರ್ಕ್ ಆಗಿ ಅದು ಪರದೆಯ ಮೇಲೆ ಕಾಣುತ್ತದೆ.

ಟ್ಯೂಬ್‌ಲೈಟ್ ಇರುವ ಮನೆಯಲ್ಲಿ ತೆಗೆದರೆ ಚಿತ್ರದಲ್ಲಿ ಪಟ್ಟಿಗಳು ಓಡುತ್ತವೆ. ಹೊರಗೆ ತೆಗೆದರೆ ಎಲ್ಲ ಬೆಳ್ಳಗೆ. — ಹೊಸಪೇಟೆ

ಒಳಗಿನದು ಶಟರ್ ದೋಷ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ನೀವು ಸೆಕೆಂಡಿಗೆ 24 ಫ್ರೇಮಿಗೆ ಶಟರ್ 180 ಡಿಗ್ರಿ (360 ಎಂದರೆ ಫ್ರೇಮಿನ ಪೂರ್ತಿ ಕಾಲ) ಇಟ್ಟಿರುತ್ತೀರಿ, ಅಂದರೆ 1/48 ಸೆಕೆಂಡ್. 1/50 ಆದರೆ ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿನುಗು ಸಿಗುತ್ತವೆ, 1/48ರಲ್ಲಿ ಎರಡರ ಮೇಲೊಂದು ಚೂರು, ಆ ಚೂರೇ ಪಟ್ಟಿ. ಶಟರ್ 172.8 ಡಿಗ್ರಿಗೆ ಇಡಿ. 48 ಫ್ರೇಮಿಗೂ ಅದೇ ಅಂಕಿ ನಡೆಯುತ್ತದೆ. ಅಗ್ಗದ ಎಲ್‌ಇಡಿ ಪಟ್ಟಿಯನ್ನು ಡಿಮ್ಮರಿನಲ್ಲಿ ತಗ್ಗಿಸಿದಾಗ ಬರುವ ಮಿನುಗು ಮಾತ್ರ ಇದಕ್ಕೆ ಬಗ್ಗದಿರಬಹುದು. ಅದನ್ನು ಪೂರ್ತಿ ಉರಿಸಿ, ಬಟ್ಟೆ ಅಡ್ಡ ಹಿಡಿದು ಬೆಳಕು ತಗ್ಗಿಸಿ.

ಹೊರಗಿನದಕ್ಕೆ ಬೆಳಕು ತಗ್ಗಿಸುವ ಬೂದು ಗಾಜು, ಅಂದರೆ ಎನ್‌ಡಿ ಬೇಕು. ನೆತ್ತಿ ಬಿಸಿಲಿಗೆ ಹಳೆಯ ಸೂತ್ರ ಐಎಸ್‌ಒ 100, 1/100, ಎಫ್ 16. ನೀವು ಐಎಸ್‌ಒ 800ರಲ್ಲಿದ್ದರೆ 3 ಸ್ಟಾಪ್ (ಒಂದೊಂದಕ್ಕೂ ಬೆಳಕು ಇಮ್ಮಡಿ) ಹೆಚ್ಚಾಯಿತು, 1/50ಕ್ಕೆ ಇನ್ನೊಂದು, ಎಫ್ 4 ಬೇಕೆಂದರೆ ಮತ್ತೆ 4. ಒಟ್ಟು 8 ಸ್ಟಾಪ್. ಎನ್‌ಡಿ 0.3ಕ್ಕೆ ಒಂದು ಸ್ಟಾಪ್, ಹಾಗಾಗಿ ಹೊಸಪೇಟೆ ಬಿಸಿಲಿಗೆ ಎನ್‌ಡಿ 2.4. ಸೋನಿ ಎಫ್‌ಎಕ್ಸ್6ರ ಒಳಗಿನ ಎನ್‌ಡಿ 1/128ರವರೆಗೆ, ಅಂದರೆ 7 ಸ್ಟಾಪ್ ಹೋಗುತ್ತದೆ, ಅಲ್ಲಿ ಎಫ್ 5.6ಕ್ಕೆ ಒಪ್ಪಿಕೊಳ್ಳಿ. ಎಫ್‌ಎಕ್ಸ್3ರಲ್ಲಿ ಒಳಗೆ ಎನ್‌ಡಿ ಇಲ್ಲವೇ ಇಲ್ಲ. ಹೊರಗಿನಿಂದ ದಪ್ಪ ಎನ್‌ಡಿ ಹಾಕುವಾಗ ಇನ್‌ಫ್ರಾರೆಡ್ ತಡೆಯುವಂಥದ್ದನ್ನೇ ಕೇಳಿ ಪಡೆಯಿರಿ. ಇಲ್ಲದಿದ್ದರೆ ಕಪ್ಪು ಕೋಟು ಕಂದುಗೆಂಪಾಗುತ್ತದೆ, ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗ್‌ನಲ್ಲಿ ಅದನ್ನು ಬಿಡಿಸುವುದು ಪ್ರಾಣಸಂಕಟ.

ನನ್ನ ಎತ್ತರ 5 ಅಡಿ, ತೂಕ 46 ಕಿಲೊ. ದೊಡ್ಡ ಕ್ಯಾಮೆರಾ ಹೆಗಲ ಮೇಲಿಟ್ಟು ತೆಗೆಯಬಲ್ಲೆನೇ? — ಉಡುಪಿ

ತೆಗೆಯಬಲ್ಲಿರಿ, ಬ್ಯಾಲೆನ್ಸ್ ಸರಿಯಿದ್ದರೆ. ಆ್ಯರಿ ಅಲೆಕ್ಸಾ ಮಿನಿಯ ಬರಿ ಬಾಡಿ 2.3 ಕಿಲೊ, ಲೆನ್ಸ್, ಬ್ಯಾಟರಿ, ಮಾನಿಟರ್, ಮೋಟಾರ್ ಏರಿದ ಮೇಲೆ 10 ಕಿಲೊ ಆಸುಪಾಸು. ಹೆಗಲು ಆ ಭಾರ ಹೊರುತ್ತದೆ. ಮುಂದಕ್ಕೆ ವಾಲುವ ಕ್ಯಾಮೆರಾವನ್ನು ಮಣಿಕಟ್ಟು ಮತ್ತು ಸೊಂಟ ಹಿಡಿದು ನಿಲ್ಲಿಸಬೇಕಾಗುತ್ತದೆ, ಸುಸ್ತು ಬರುವುದು ಅಲ್ಲಿಂದ. ಬ್ಯಾಟರಿಯನ್ನು ಸಾಧ್ಯವಾದಷ್ಟು ಹಿಂದಕ್ಕೆ ಸರಿಸಿ. ಸಹಾಯಕರು ಕೈ ಒಡ್ಡಿ ನಿಂತಿರುವಾಗ ಎರಡೂ ಕೈ ಬಿಟ್ಟು ನೋಡಿ, ಐದು ಸೆಕೆಂಡ್ ಹೆಗಲ ಮೇಲೆ ತಾನೇ ಕೂರಬೇಕು.

ನೆಲದಿಂದ ಎತ್ತಬೇಡಿ. ಎದೆಮಟ್ಟದ ಟ್ರಾಲಿಯಿಂದ ಸಹಾಯಕರು ಎತ್ತಿ ಹೆಗಲಿಗೆ ಇಡಲಿ, ‘ಕಟ್’ ಎಂದ ತಕ್ಷಣ ಇಳಿಸಿಕೊಳ್ಳಲಿ. ಆರಡಿ ಗಂಡಸು ಆಪರೇಟರಿಗೂ ಪದ್ಧತಿ ಇದೇ, ನಾಚಿಕೆಪಡುವ ಮಾತಿಲ್ಲ. ಈಸಿರಿಗ್ (ಬೆನ್ನಿನ ಕಂಬದಿಂದ ಹಗ್ಗದಲ್ಲಿ ಕ್ಯಾಮೆರಾ ತೂಗಿಸುವ ಕವಚ) ಹಾಕುವುದಾದರೆ ಮೊದಲು ಸೊಂಟದ ಪಟ್ಟಿಯನ್ನು ಸೊಂಟದ ಮೂಳೆಯ ಮೇಲೆ ಬಿಗಿಯಿರಿ, ಹೆಗಲ ಪಟ್ಟಿ ಆಮೇಲೆ. ಹಗ್ಗದ ಎಳೆತವನ್ನು ಕ್ಯಾಮೆರಾ ತೂಕಕ್ಕೆ ತಕ್ಕಂತೆ ಹೊಂದಿಸದಿದ್ದರೆ ಅದು ನಿಮ್ಮ ಚೌಕಟ್ಟನ್ನೇ ಮೇಲಕ್ಕೆಳೆಯುತ್ತದೆ.

ನಿಜವಾದ ತೊಡಕು ಎತ್ತರದ್ದು. ನಿಮ್ಮ ಹೆಗಲು 4 ಅಡಿಯಲ್ಲಿ, ಆರಡಿ ನಟನ ಕಣ್ಣು ಐದೂವರೆಯಲ್ಲಿ. ಹಾಗೇ ತೆಗೆದರೆ ಎಲ್ಲ ಷಾಟೂ ಲೋ ಆ್ಯಂಗಲ್. ಆ್ಯಪಲ್ ಬಾಕ್ಸ್ (ಮೇಲೆ ನಿಲ್ಲುವ ಮರದ ಪೆಟ್ಟಿಗೆ) ಕೇಳಿ: ಫುಲ್ 8 ಇಂಚು, ಹಾಫ್ 4, ಕ್ವಾರ್ಟರ್ 2. ನಡೆಯುವ ಷಾಟಾದರೆ ಹಲಗೆ ಹಾಸಿಸಿ. ಸೆಟ್ಟಿನಲ್ಲಿ ಯಾರೂ ತಾವಾಗಿ ತಂದಿಡುವುದಿಲ್ಲ, ಷಾಟ್ ಪಟ್ಟಿಯಲ್ಲೇ ಬರೆದುಬಿಡಿ.

ನಾನು ಟ್ರಾನ್ಸ್ ಪುರುಷ, ಎದೆ ಚಪ್ಪಟೆ ಮಾಡುವ ಬೈಂಡರ್ ಧರಿಸುತ್ತೇನೆ. ಸ್ಟೆಡಿಕ್ಯಾಮ್ ತರಬೇತಿಗೆ ಸೇರಬಹುದೇ? ಕಾಲ್‌ಶೀಟಿನಲ್ಲಿ ಹಳೆಯ ಹೆಸರು ಬರುತ್ತದೆಂಬ ಭಯವೂ ಇದೆ. — ಬೆಂಗಳೂರು

ಸೇರಿ, ಆದರೆ ನಡೆಯುವಾಗ ಕ್ಯಾಮೆರಾ ಅಲುಗದಂತೆ ಮೈಗೆ ಕಟ್ಟಿಕೊಳ್ಳುವ ಸ್ಟೆಡಿಕ್ಯಾಮಿನ ವೆಸ್ಟಿನ ಕೆಳಗೆ ಬೈಂಡರ್ ಬೇಡ. ವೆಸ್ಟ್ ಎದೆಯನ್ನು ಹೊರಗಿನಿಂದ ಬಿಗಿಯುತ್ತದೆ, ಬೈಂಡರ್ ಒಳಗಿನಿಂದ. ಓಡುನಡಿಗೆಯ ಷಾಟಿನಲ್ಲಿ ಉಸಿರು ಪೂರ್ತಿ ತೆಗೆಯಲಾಗದೆ ತಲೆ ಸುತ್ತುತ್ತದೆ, ಮೈಮೇಲಿರುವುದು ಹತ್ತಿಪ್ಪತ್ತು ಕಿಲೊ. ಆ ಹೊತ್ತಿಗೆ ಸ್ವಲ್ಪ ಸಡಿಲ ಸ್ಪೋರ್ಟ್ಸ್ ಟಾಪ್, ಮೇಲೆ ದಪ್ಪ ಟಿ-ಶರ್ಟ್ ಸಾಕು, ವೆಸ್ಟೇ ಎದೆಯನ್ನು ಮುಚ್ಚುತ್ತದೆ. ಬೈಂಡರನ್ನು ದಿನಕ್ಕೆ 8 ಗಂಟೆ ಮೀರಿ ಹಾಕಬೇಡಿ ಎಂಬ ಸಾಮಾನ್ಯ ಸಲಹೆ 12 ಗಂಟೆಯ ಶಿಫ್ಟಿಗೂ ಅನ್ವಯ. ಕ್ರೇಪ್ ಬ್ಯಾಂಡೇಜ್ ಸುತ್ತುವುದಂತೂ ಬೇಡವೇ ಬೇಡ. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ ಬೇಕೆಂದು ಮೊದಲೇ ತಿಳಿಸಿ, ಕಾರಣ ವಿವರಿಸುವ ಅಗತ್ಯವಿಲ್ಲ.

ವೆಸ್ಟ್ ಹೊಂದಿಸುವಾಗ ಬೋಧಕರ ಕೈ ಮೈಗೆ ತಾಗುತ್ತದೆ. ‘ಈ ಬಕಲ್ ಬಿಗಿಯಲೇ?’ ಎಂದು ಕೇಳಿಯೇ ಮುಟ್ಟಬೇಕು, ಅಥವಾ ತಮ್ಮ ಮೈಮೇಲೆ ತೋರಿಸಿ ನಿಮ್ಮಿಂದ ಮಾಡಿಸಬೇಕು. ಸ್ತನ ದೊಡ್ಡದಿರುವವರು ಎದೆಪಟ್ಟಿಯನ್ನು ಒತ್ತಾಗದಷ್ಟು ಮೇಲೆ ಅಥವಾ ಕೆಳಗೆ ಸರಿಸಿಕೊಳ್ಳಬೇಕು, ಭಾರ ಹೇಗೂ ಸೊಂಟಕ್ಕೆ ಹೋಗಬೇಕಾದ್ದು.

ಹೆಸರಿನ ವಿಚಾರ: ಕಾಲ್‌ಶೀಟ್, ಗುರುತು ಚೀಟಿ, ಕ್ರೆಡಿಟ್ ಇವಕ್ಕೆಲ್ಲ ನೀವು ಕೊಟ್ಟ ಹೆಸರು ಸಾಕು. ಆಧಾರ್, ಪ್ಯಾನ್ ಹೆಸರು ಬೇಕಾಗುವುದು ಸಂಬಳ, ವಿಮೆ, ವಿಮಾನ ಟಿಕೆಟ್ಟಿಗೆ. ಆ ಕಾಗದ ಒಬ್ಬರ ಬಳಿ ಮಾತ್ರ ಇರಲಿ ಎಂದು ಪ್ರೊಡಕ್ಷನ್ ಮ್ಯಾನೇಜರಿಗೆ ಬರೆದು ಕೇಳಿ.

ಫೋಕಸ್ ಪುಲ್ಲಿಂಗ್‌ನಲ್ಲಿ ಯಾವಾಗಲೂ ಅರ್ಧ ಸೆಕೆಂಡ್ ಹಿಂದೆ ಬೀಳುತ್ತೇನೆ. — ಧಾರವಾಡ

ನೀವು ಮಾನಿಟರ್ ನೋಡಿ ಫೋಕಸ್ ಎಳೆಯುತ್ತಿದ್ದೀರಿ. ಚಿತ್ರ ಮಸುಕಾದದ್ದು ಕಂಡ ಮೇಲೆ ತಿರುಗಿಸಿದರೆ ತಡವಾಗಿಯೇ ಇರುತ್ತದೆ, ವೈರ್‌ಲೆಸ್ ವಿಡಿಯೊದ ವಿಳಂಬ ಅದಕ್ಕೆ ಸೇರುತ್ತದೆ. ಕ್ಯಾಮೆರಾದ ಪಕ್ಕ ನಿಂತು ನಟರನ್ನು ನೋಡಿ, ದೂರ ಅಂದಾಜಿಸಿ, ಮಾನಿಟರನ್ನು ತಾಳೆ ನೋಡಲಷ್ಟೇ ಬಳಸಿ.

ತಪ್ಪಿಗೆ ಎಷ್ಟು ಜಾಗ ಇದೆ ಎಂಬ ಅರಿವೂ ಬೇಕು. ಸೂಪರ್ 35 (ಸಿನಿಮಾ ಕ್ಯಾಮೆರಾದ ಸಾಮಾನ್ಯ ಅಳತೆ) ಸೆನ್ಸರಿನಲ್ಲಿ 50 ಎಂಎಂ ಲೆನ್ಸ್, 2.8 ಅಪರ್ಚರ್, 2 ಮೀಟರ್ ದೂರ ಎಂದರೆ ಸ್ಪಷ್ಟವಾಗಿರುವ ಆಳ ಸುಮಾರು 22 ಸೆಂಟಿಮೀಟರ್. ಅಲ್ಲೇ 85 ಎಂಎಂ ಹಾಕಿದರೆ 8 ಸೆಂಟಿಮೀಟರೂ ಇಲ್ಲ, ಕಣ್ಣು ಸರಿಯಿದ್ದರೆ ಕಿವಿ ಹೋಗಿರುತ್ತದೆ. ನಿರ್ದೇಶಕರು 1.4ರಲ್ಲಿ ತೆಗೆಯೋಣ ಎಂದಾಗ ಈ ಅಂಕಿಯನ್ನು ಬಾಯಿಬಿಟ್ಟು ಹೇಳುವುದೂ ಫೋಕಸ್ ಪುಲ್ಲರ್ ಕೆಲಸವೇ.

ಅಭ್ಯಾಸಕ್ಕೆ ಕ್ಯಾಮೆರಾ ಬೇಡ. ಬಸ್‌ಸ್ಟಾಪಿನಲ್ಲಿ, ಅಡುಗೆಮನೆಯಲ್ಲಿ, 3, 5, 8, 12 ಅಡಿಯ ಆಸುಪಾಸಿನ ವಸ್ತುಗಳ ದೂರ ಊಹಿಸಿ, ಟೇಪಿನಲ್ಲಿ ಅಳೆಯಿರಿ. ದಿನಕ್ಕೆ ಇಪ್ಪತ್ತು ಸಲ, ಒಂದು ತಿಂಗಳು. ಸೆಟ್ಟಿನಲ್ಲಿ ಅಳೆಯುವಾಗ ಸೆನ್ಸರ್ ಗುರುತಿನಿಂದ ಕಣ್ಣಿಗೆ ಅಳೆಯಿರಿ, ಮೂಗಿಗಲ್ಲ. ನಟರಿಗೆ ತಲಾ ಒಂದು ಬಣ್ಣದ ಟೇಪಿನಲ್ಲಿ ನೆಲದ ಮೇಲೆ ‘ಟಿ’ ಗುರುತು ಹಾಕಿ. ಲೆನ್ಸ್ ಬದಲಾದಾಗಲೆಲ್ಲ ಮೋಟಾರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿ. ಮೋಟಾರಿನ ಹಲ್ಲು ಲೆನ್ಸಿನ ಹಲ್ಲಿಗೆ ಸಡಿಲವಾಗಿ ಕೂತಿದ್ದರೆ ನೀವು ತಿರುಗಿಸಿದ ಮೊದಲ ಚೂರು ವ್ಯರ್ಥವಾಗುತ್ತದೆ, ಅತಿಯಾಗಿ ಒತ್ತಿದ್ದರೆ ಲೆನ್ಸ್ ಬಾಗಿ ಚಿತ್ರ ಕದಲುತ್ತದೆ.

ಕಪ್ಪು ಮೈಬಣ್ಣದ ನಟಿಯನ್ನು ಎಸ್-ಲಾಗ್3ರಲ್ಲಿ ತೆಗೆದೆ. ಮುಖದ ತುಂಬ ಗ್ರೇನ್. — ಕಲಬುರಗಿ

ಲಾಗ್ ಚಿತ್ರ (ನೆರಳು, ಬೆಳಕು ಎರಡರ ವಿವರವನ್ನೂ ಉಳಿಸಲು ಕಾಂಟ್ರಾಸ್ಟ್ ತಗ್ಗಿಸಿದ ದಾಖಲೆ) ಮಾನಿಟರಿನಲ್ಲಿ ಮಾಸಲಾಗಿ ಬೆಳ್ಳಗೆ ಕಾಣುವುದರಿಂದ ನೀವು ಅಪರ್ಚರ್ ಮುಚ್ಚಿದ್ದೀರಿ. ಎಸ್-ಲಾಗ್3ರಲ್ಲಿ 18 ಪರ್ಸೆಂಟ್ ಗ್ರೇ ಕಾರ್ಡ್ (ಬೆಳಕು ಅಳೆಯುವ ಬೂದು ಹಲಗೆ) ಮಾನಿಟರಿನ ಮಾಪಕದ ಶೇ 41ರಲ್ಲಿ, ಬಿಳಿ ಕಾಗದ ಶೇ 61ರಲ್ಲಿ ಕೂರಬೇಕು. ಕಾರ್ಡನ್ನು ನಟಿಯ ಮುಖದ ಬಳಿ ಹಿಡಿದು ಅಳೆಯಿರಿ. ಸಿನಿ ಇಐಯಲ್ಲಿ (ದಾಖಲಾಗುವುದನ್ನು ಮುಟ್ಟದೆ, ಮಾನಿಟರಿನಲ್ಲಿ ಕಾಣುವ ಬೆಳಕನ್ನಷ್ಟೇ ಬದಲಿಸುವ ಸೋನಿ ವಿಧಾನ) ಬೇಸ್ 800 ಇಟ್ಟು ಇಐ 400 ಮಾಡಿ, ಅದಕ್ಕೆ ತಕ್ಕಂತೆ ಅಪರ್ಚರ್ ತೆರೆದರೆ ಒಂದು ಸ್ಟಾಪ್ ಹೆಚ್ಚು ಬೆಳಕು ದಾಖಲಾಗಿ ನೆರಳಿನ ಗ್ರೇನ್ ಇಳಿಯುತ್ತದೆ. ಮುಖವನ್ನು ಬೆಳ್ಳಗೆ ಮಾಡುವ ಚಪಲ ಬೇಡ. ಕಪ್ಪು ಚರ್ಮದ ಚೆಲುವು ಅದರ ಹೊಳಪಿನಲ್ಲಿದೆ. 4 ಅಡಿ ಅಗಲದ ಬಿಳಿ ಬಟ್ಟೆಯನ್ನು ಪಕ್ಕದಿಂದ ಹತ್ತಿರ ತಂದರೆ ಕೆನ್ನೆಯ ಮೇಲೆ ಮೆದು ಹೊಳಪು ಬರುತ್ತದೆ. ಮೇಕಪ್‌ನವರು ಪೌಡರ್ ಬಳಿದು ಅದನ್ನು ಅಳಿಸದಂತೆ ನೋಡಿಕೊಳ್ಳಿ.

ಕಾರ್ಡ್ ಫಾರ್ಮ್ಯಾಟ್ ಮಾಡಿಬಿಟ್ಟೆ, ಬೆಳಗಿನ ದೃಶ್ಯ ಅದರಲ್ಲೇ ಇತ್ತು. — ದಾವಣಗೆರೆ

ಅದರ ಮೇಲೆ ಒಂದು ಫ್ರೇಮೂ ತೆಗೆಯಬೇಡಿ. ಕಾರ್ಡ್ ಹೊರತೆಗೆದು ಎತ್ತಿಟ್ಟು, ಡೇಟಾ ರಿಕವರಿ ಗೊತ್ತಿರುವವರಿಗೆ ಕೊಡಿ. ಎಷ್ಟೋ ಸಲ ಅಳಿದಿರುವುದು ಪರಿವಿಡಿ ಮಾತ್ರ.

ಮುಂದಿನ ಸಲಕ್ಕೆ: ಕಾರ್ಡ್ ಹೊರಬಂದ ಕೂಡಲೇ ಕೆಂಪು ಟೇಪ್. ಚೆಕ್‌ಸಮ್ (ನಕಲು ಮೂಲದಂತೆಯೇ ಇದೆಯೇ ಎಂಬ ತಾಳೆ) ನೋಡುವ ತಂತ್ರಾಂಶದಲ್ಲಿ ಎರಡು ಬೇರೆ ಡಿಸ್ಕಿಗೆ ನಕಲು, ಕ್ಲಿಪ್ ಎಣಿಕೆ ತಾಳೆ, ಮೊದಲ ಮತ್ತು ಕೊನೆಯ ಕ್ಲಿಪ್ ತೆರೆದು ನೋಡುವುದು. ಆಮೇಲೆ ಹಸಿರು ಟೇಪ್. ಹಸಿರು ಕಂಡರೆ ಮಾತ್ರ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲೇ. ಜಾಗದ ಲೆಕ್ಕ: ಎಫ್‌ಎಕ್ಸ್3ರ 240 ಮೆಗಾಬಿಟ್ ದಾಖಲೆಗೆ ಗಂಟೆಗೆ 108 ಜಿಬಿ, 4ಕೆ ಪ್ರೊರೆಸ್ 422 ಎಚ್‌ಕ್ಯುಗೆ ಸುಮಾರು 320 ಜಿಬಿ. ಡಿಸ್ಕ್ ಅದರ ಎರಡರಷ್ಟು ಬೇಕು.

ಶಿಬಿರದಲ್ಲಿ ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ ಯಾರಿಗೆ ಹೇಳುವುದು? — ಹಾಸನ

ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಯಲ್ಲಿ ಕೆಲಸದ ಸ್ಥಳದ ಲೈಂಗಿಕ ಕಿರುಕುಳದಿಂದ ಮಹಿಳೆಯರನ್ನು ಕಾಪಾಡುವ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಇರಲೇಬೇಕು. ತರಬೇತಿಗೆ ಬಂದವರೂ ಅದರ ವ್ಯಾಪ್ತಿಗೆ ಸೇರುತ್ತಾರೆ. ಅದಕ್ಕಿಂತ ಸಣ್ಣದಾದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ. ಲಿಖಿತ ದೂರಿಗೆ ಸಾಮಾನ್ಯ ಗಡುವು 3 ತಿಂಗಳು. ಟ್ರಾನ್ಸ್ ವ್ಯಕ್ತಿಗಳ 2019ರ ಕಾಯ್ದೆ ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯೊಬ್ಬರನ್ನು ಗೊತ್ತುಮಾಡಬೇಕೆನ್ನುತ್ತದೆ. ದುಡ್ಡು ಕಟ್ಟುವ ಮುಂಚೆಯೇ ಈ ಹೆಸರುಗಳನ್ನು ಕೇಳಿ. ತಡವರಿಸಿದರೆ ಅದೇ ಉತ್ತರ.

ಪೂರ್ಣಾವಧಿ ಕೋರ್ಸ್ ಎಲ್ಲಿದೆ? — ತುಮಕೂರು

ಹತ್ತಿರದ್ದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆ. ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಕಲಿತ ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್ ವಿಭಾಗವೇ ಅದರ ಬೇರು. ಪದವಿ ಮುಗಿದಿದ್ದರೆ ಪುಣೆಯ ಚಲನಚಿತ್ರ ಸಂಸ್ಥೆ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರಾಯ್ ಸಂಸ್ಥೆ, ಎರಡಕ್ಕೂ ಪ್ರವೇಶ ಪರೀಕ್ಷೆ ಇದೆ. ಮಹಿಳಾ ಛಾಯಾಗ್ರಾಹಕಿಯರದ್ದೇ ಆದ ಇಂಡಿಯನ್ ವಿಮೆನ್ ಸಿನೆಮಟೋಗ್ರಾಫರ್ಸ್ ಕಲೆಕ್ಟಿವ್ ಎಂಬ ಕೂಟವೂ ಇದೆ.

ಮಳೆಗಾಲದಲ್ಲಿ ಎಸಿ ಕೋಣೆಯಿಂದ ಹೊರಬಂದರೆ ಲೆನ್ಸ್ ಮಂಜಾಗುತ್ತದೆ. — ಕಾರವಾರ

ಒರೆಸಬೇಡಿ, ಮತ್ತೆ ಬರುತ್ತದೆ. ಲೆನ್ಸ್ ಬಿಚ್ಚಲೂಬೇಡಿ, ಸೆನ್ಸರಿಗೂ ಮಂಜು ಕೂರುತ್ತದೆ. ಮುಚ್ಚಿದ ಪೆಟ್ಟಿಗೆಯಲ್ಲೇ ಹೊರಗಿಟ್ಟು ಮುಕ್ಕಾಲು ಗಂಟೆ ಬಿಡಿ. ರಾತ್ರಿ ಎಸಿ ಇಲ್ಲದ ಕೋಣೆಯಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ತೇವಾಂಶ ಶೇ 40–50 ಇರಲಿ. ಚರ್ಮದ ಚೀಲದಲ್ಲಿಟ್ಟರೆ ಕರಾವಳಿಯ ಒಂದೇ ಮಳೆಗಾಲ ಸಾಕು ಫಂಗಸ್‌ಗೆ.

ಕ್ಯಾಮೆರಾ ಕೊಳ್ಳುವ ಶಕ್ತಿಯಿಲ್ಲ. ಸಹಾಯಕಿಯಾಗಿ ಹೋಗುವಾಗ ಸ್ವಂತದ್ದೇನಿರಬೇಕು? — ಕೊಪ್ಪಳ

ಅಡಿ ಮತ್ತು ಮೀಟರ್ ಎರಡೂ ಇರುವ 8 ಮೀಟರ್ ಟೇಪ್, ಮಿಲಿಮೀಟರ್ ಮತ್ತು ಇಂಚಿನ ಅಲೆನ್ ಕೀ ಸೆಟ್, 1/4 ಮತ್ತು 3/8 ಇಂಚಿನ ಸ್ಕ್ರೂ ನಾಲ್ಕು ನಾಲ್ಕು, ಊದುವ ಬ್ಲೋವರ್, ಲೆನ್ಸ್ ಟಿಶ್ಯೂ, ಸಣ್ಣ ಟಾರ್ಚ್, ಕೆಂಪು, ಹಸಿರು, ಬಿಳಿ ಬಟ್ಟೆ ಟೇಪ್, ಎರಡು ಮಾರ್ಕರ್, ಗ್ರೇ ಕಾರ್ಡ್. ಜೇಬಿರುವ ಪ್ಯಾಂಟ್, ಮುಚ್ಚಿದ ಶೂ. ದುಪಟ್ಟಾ ಮನೆಯಲ್ಲಿರಲಿ, ಫೋಕಸ್ ಮೋಟಾರಿನ ಹಲ್ಲಿಗೆ ಅದೆಂದರೆ ಬಲು ಪ್ರೀತಿ. ಶೂಟಿಂಗಿನ ಹಿಂದಿನ ದಿನ ಬಾಡಿಗೆ ಅಂಗಡಿಗೆ ಪರೀಕ್ಷೆಗೆ ಹೋಗುವವರ ಪಟ್ಟಿಯಲ್ಲಿ ನಿಮ್ಮ ಹೆಸರು ಸೇರಿಸಲು ಹೇಳಿ. ಅಲ್ಲಿ ನಿರ್ದೇಶಕರಿಲ್ಲ, ಗಡಿಬಿಡಿಯಿಲ್ಲ. ‘ಒಂದು ಸಲ ನಾನು ಜೋಡಿಸುತ್ತೇನೆ, ನೀವು ನೋಡಿ’ ಎಂದು ಅಟೆಂಡೆಂಟನ್ನು ಕೇಳಿದರೆ ಒಂದು ಗಂಟೆ ಕ್ಯಾಮೆರಾ ನಿಮ್ಮ ಕೈಯಲ್ಲೇ ಇರುತ್ತದೆ.